‘ತಡೀರಿ’ ಎನ್ನುತ್ತಿದ್ದವರು

ಮಾತಿಗೆ ಮುಂಚೆ ಅವರ ಅಂಗೈ ಮೇಲೇಳುತ್ತಿತ್ತು. ಐದು ಬೆರಳುಗಳೂ ಒಂದಕ್ಕೊಂದು ಅಂಟಿಕೊಂಡು, ಮಣಿಕಟ್ಟು ಎದೆಯ ಮಟ್ಟಕ್ಕೆ ಬಂದು, ಎದುರಿನವರ ಮೂಗಿನಿಂದ ಗೇಣು ದೂರದಲ್ಲಿ ಆ ಅಂಗೈ ಸ್ಥಿರವಾದ ಮೇಲೆ, ಅದರ ಹಿಂದಿನಿಂದ ಸಣ್ಣ ದನಿಯಲ್ಲಿ “ತಡೀರಿ” ಎಂಬ ಪದ ಹೊರಬೀಳುತ್ತಿತ್ತು. ಅದು ಆಜ್ಞೆಯಲ್ಲ, ಯಾಚನೆಯೂ ಅಲ್ಲ. ರಸ್ತೆ ದಾಟಲು ಹೊರಟ ಮಗುವಿನ ಹೆಗಲ ಮೇಲೆ ಕೈಯಿಡುವವರ ಸ್ವರ ಅದು. ನಮ್ಮ ಕಚೇರಿಯ ಯಜಮಾನರಿಂದ ಹಿಡಿದು ಚಹಾ ತರುವವನವರೆಗೆ ಎಲ್ಲರೂ ಆ ಅಂಗೈಯ ಮುಂದೆ ನಿಂತವರೇ. ಸಂಬಳದ ವಿಭಾಗದವರಿಗೆ ಮಾತ್ರ ನೆನಪಿದ್ದ ಬೇರೊಂದು ಹೆಸರು ಅವರಿಗಿತ್ತಾದರೂ ನಮಗೆಲ್ಲ ಅವರು ‘ತಡೀರಿ ಸಾರ್’. ಹಾಗೆ ಕರೆಯುತ್ತಾರೆಂದು ಅವರಿಗೂ ಗೊತ್ತಿತ್ತು. ಹೊಸದಾಗಿ ಸೇರಿದವನೊಬ್ಬ ಬಾಯಿ ತಪ್ಪಿ ಎದುರಿಗೇ ಹಾಗೆಂದುಬಿಟ್ಟಾಗ, ಅವರು ಅವನ ಬೆನ್ನು ತಟ್ಟಿ, “ಪರವಾಗಿಲ್ಲಪ್ಪ, ಇದಕ್ಕಿಂತ ಕೆಟ್ಟ ಹೆಸರಿಗೂ ನಾನು ಲಾಯಕ್ಕೇ” ಎಂದಿದ್ದರು.

ನಡಿಗೆಯೂ ಆ ಪದಕ್ಕೆ ತಕ್ಕಂತೆಯೇ. ಇಟ್ಟ ಹೆಜ್ಜೆ ನೆಲಕ್ಕೆ ಸರಿಯಾಗಿ ತಗುಲಿತೆಂದು ಖಾತ್ರಿಯಾದ ಮೇಲೆಯೇ ಮುಂದಿನದನ್ನು ಎತ್ತುವವರಂತೆ, ತುಸು ಬಾಗಿ, ಎಡಭುಜ ಮುಂದೆ ಮಾಡಿ ನಡೆಯುತ್ತಿದ್ದರು. ಏನಾದರೂ ಹೊಳೆದರೆ ನಡುದಾರಿಯಲ್ಲೇ ನಿಂತುಬಿಡುವರು. ಹಿಂದೆ ಬರುತ್ತಿದ್ದವರು ಡಿಕ್ಕಿ ಹೊಡೆದು, ಬೈಯಲು ಬಾಯಿ ತೆರೆದು, ಆ ಮುಖದ ನಿಷ್ಕಪಟವಾದ ವಿಸ್ಮಯವನ್ನು ಕಂಡು, ತಾವೇ ಕ್ಷಮೆ ಕೇಳಿ ಮುಂದೆ ಹೋಗುವರು. ಮುಚ್ಚಿಕೊಳ್ಳುತ್ತಿದ್ದ ಲಿಫ್ಟಿನ ಬಾಗಿಲಿಗೂ ಒಮ್ಮೆ ಅವರು “ತಡೀರಿ” ಎಂದದ್ದನ್ನು, ಅದು ನಿಜಕ್ಕೂ ನಿಂತದ್ದನ್ನು ಕಣ್ಣಾರೆ ಕಂಡವರಿದ್ದಾರೆ.

ಮದುವೆಯಾಗಿರಲಿಲ್ಲ. ಗಂಡನನ್ನು ಕಳೆದುಕೊಂಡ ಅಕ್ಕನೊಂದಿಗೆ, ಕಚೇರಿಯಿಂದ ನಡೆದು ಹೋಗುವಷ್ಟು ದೂರದ ಎರಡನೆಯ ಮಹಡಿಯ ಮನೆಯಲ್ಲಿ ಇರುತ್ತಿದ್ದರು. ತಮ್ಮನನ್ನು ಹಂಗಿಸುವುದೇ ಆಕೆಯ ಪ್ರೀತಿಯ ರೀತಿ. ಮೊದಲ ಸಲ ನಾನು ಅಲ್ಲಿಗೆ ಹೋದಾಗಲೇ, “ಹುಟ್ಟೋದಕ್ಕೇ ತಡ ಮಾಡ್ದೋನಪ್ಪಾ ಇವನು. ಡಾಕ್ಟರು ಹೇಳಿದ ದಿನ ದಾಟಿದ್ರೂ ಒಳಗೇ ಕೂತಿದ್ದ. ಹೊರಗಡೆ ಎಲ್ಲ ಸರಿಯಾಗಿದೆಯಾ ಅಂತ ನೋಡ್ತಿದ್ದ ಅನ್ಸುತ್ತೆ. ಹೆಣ್ಣು ತೋರಿಸಿದಾಗ್ಲೂ ಅಷ್ಟೇ, ತಡಿಯಕ್ಕ, ತಡಿಯಕ್ಕ. ಆ ಹುಡುಗಿಯರೆಲ್ಲ ಈಗ ಅಜ್ಜಿಯರಾಗಿದ್ದಾರೆ, ಇವನ ಯೋಚನೆ ಮುಗಿದಿಲ್ಲ” ಎಂದು ನನಗೆ ಲೋಟ ಕೊಡುತ್ತ ಹೇಳಿದ್ದರು. ಇವರು ಅಂಗೈಯನ್ನು ಅರ್ಧ ಎತ್ತಿ, ಅಕ್ಕನ ಮುಂದೆ ಅದು ನಡೆಯದೆಂದು ನೆನಪಾಗಿ, ಅದೇ ಕೈಯಲ್ಲಿ ತಲೆ ಸವರಿಕೊಂಡರು.

ನಮ್ಮದು ನವಜಾತ ಶಿಶುಗಳ ಶ್ರವಣಶಕ್ತಿಯನ್ನು ಪರೀಕ್ಷಿಸುವ ಪುಟ್ಟ ಉಪಕರಣವೊಂದನ್ನು ತಯಾರಿಸುವ ಸಣ್ಣ ಸಂಸ್ಥೆ. ಮಲಗಿರುವ ಕೂಸಿನ ಕಿವಿಗೆ ಅತಿ ಮೆಲ್ಲನೆಯ ನಾದವೊಂದನ್ನು ಕಳಿಸಿದರೆ, ಆರೋಗ್ಯವಂತ ಕಿವಿ ಅದಕ್ಕಿಂತಲೂ ಮೆಲ್ಲನೆಯ ಮಾರ್ದನಿಯೊಂದನ್ನು ಹಿಂದಕ್ಕೆ ಕಳಿಸುತ್ತದೆ; ಆ ಮಾರ್ದನಿಯನ್ನು ಹಿಡಿಯುವುದೇ ಉಪಕರಣದ ಕೆಲಸ. ಉಪಕರಣಕ್ಕೆ ಕಂಪ್ಯೂಟರಿನ ಭಾಷೆ ಬಾರದು, ಕಂಪ್ಯೂಟರಿಗೆ ಉಪಕರಣದ್ದು ಬಾರದು. ನಡುವೆ ನಿಂತು ದುಭಾಷಿಯಾಗುವ ತಂತ್ರಾಂಶಕ್ಕೆ ಡ್ರೈವರ್ ಎಂದು ಹೆಸರು. ಅದನ್ನು ಬರೆಯುವವರು ತಡೀರಿ ಸಾರ್. ಉಪಕರಣದೊಳಗಿನ ಹಸಿರು ಸರ್ಕ್ಯೂಟ್ ಬೋರ್ಡನ್ನು ವಿನ್ಯಾಸ ಮಾಡಿ, ಸಾಲ್ಡರಿಂಗ್ ಬೆಸುಗೆ ಹಾಕಿ, ಅಳೆದು ಒಪ್ಪಿಸುವವರು ಪಕ್ಕದ ಕೋಣೆಯ ಬೋರ್ಡ್ ಮೇಡಂ. ಇವೆರಡನ್ನೂ ಬಳಸುವುದು ಹೇಗೆಂದು ಕೈಪಿಡಿ ಬರೆಯುವ ನನಗೆ ತಡೀರಿ ಸಾರ್ ಅವರ ಕೋಣೆಯಲ್ಲೇ, ಕಿಟಕಿಯ ಬದಿಗೆ, ಒಂದು ಮೇಜನ್ನು ಕೊಟ್ಟಿದ್ದರು.

ಆ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ, ಮೇಜಿನ ಎತ್ತರಕ್ಕೆ, ಮುಷ್ಟಿ ಹಿಡಿಯುವಷ್ಟು ದೊಡ್ಡ ತೂತೊಂದಿತ್ತು. ಅದರ ಹಿನ್ನೆಲೆಯನ್ನು ಹೇಳಬೇಕು. ಕಂಪ್ಯೂಟರನ್ನು ನಡೆಸುವ ಹಳೆಯ ಆಪರೇಟಿಂಗ್ ಸಿಸ್ಟಂನಲ್ಲಿ ಡ್ರೈವರ್ ಎನ್ನುವುದು ಕಂಪ್ಯೂಟರಿನ ಅತ್ಯಂತ ಒಳಗಿನ ಕೋಣೆಯಲ್ಲಿ, ಕರ್ನಲ್ ಎಂಬಲ್ಲಿ, ಕುಳಿತು ಕೆಲಸ ಮಾಡಬೇಕು. ಅಲ್ಲಿ ಕುಳಿತವನು ಎಡವಿದರೆ ತಾನೊಬ್ಬನೇ ಬೀಳುವುದಿಲ್ಲ. ಇಡೀ ಕಂಪ್ಯೂಟರೇ ಬಿದ್ದು ಪರದೆ ಬೆಪ್ಪಾಗಿ ನಿಲ್ಲುತ್ತದೆ. ಬಿದ್ದು ಪ್ರಜ್ಞೆ ತಪ್ಪಿದವನನ್ನೇ “ಹೇಗೆ ಬಿದ್ದೆಯಪ್ಪಾ” ಎಂದು ಕೇಳಿದರೆ ಅವನೇನು ಹೇಳಿಯಾನು? ಆದ್ದರಿಂದ ಬೀಳುವ ಯಂತ್ರವೊಂದು, ಅದನ್ನು ನೋಡುತ್ತ ಕೂರುವ ಯಂತ್ರ ಇನ್ನೊಂದು, ಎರಡರ ನಡುವೆ ಒಂದು ಕೇಬಲ್; ಇದು ಆ ಕಸುಬಿನ ಕ್ರಮ. ಉಪಕರಣವೂ ಅಳತೆಯ ಸಾಧನಗಳೂ ಮೇಡಂ ಕೋಣೆಯಲ್ಲಿದ್ದುದರಿಂದ ಬೀಳುವ ಯಂತ್ರ ಅಲ್ಲಿ, ನೋಡುವ ಯಂತ್ರ ಇಲ್ಲಿ. ಕೇಬಲ್ಲಿಗೆಂದು ಕೊರೆದ ತೂತಿನಲ್ಲಿ ಕೇಬಲ್ಲಿನ ಸುತ್ತ ಇನ್ನೂ ಸಾಕಷ್ಟು ಜಾಗ ಉಳಿದಿತ್ತು. ಆ ಉಳಿದ ಜಾಗದಲ್ಲಿ ಮಾತು ಓಡಾಡುತ್ತಿತ್ತು.

“ಬಿತ್ತು ಸಾರ್” ಎಂದು ಆಚೆಯಿಂದ ಕೇಳಿಬರುವುದು.

“ತಡೀರಿ… ಹ್ಞಾಂ, ಸಿಕ್ತು. ಓಡ್ಲಿ.”

“ಏಳೋದಕ್ಕೆ ಹೇಳಿದೀನಿ. ಇವತ್ತು ಯಾಕೋ ಸೋಮಾರಿಯಾಗಿದೆ ಇದು.”

ಬಿದ್ದ ಯಂತ್ರ ಮತ್ತೆ ಏಳಲು ಒಂದಿಷ್ಟು ಹೊತ್ತು ಹಿಡಿಯುತ್ತಿತ್ತು. ಆ ಹೊತ್ತಿನಲ್ಲಿ ಇಬ್ಬರಿಗೂ ಮಾಡಲು ಬೇರೆ ಕೆಲಸವಿರುತ್ತಿರಲಿಲ್ಲ.

“ನಿಮ್ಮ ಮಗಳ ಪರೀಕ್ಷೆ ಏನಾಯ್ತು?”

“ಚೆನ್ನಾಗಿ ಬರ್ದಿದೀನಿ ಅಂತಾಳೆ. ಅದಕ್ಕೇ ಭಯ.”

“ಅದ್ಯಾಕೆ?”

“ನೀವೂ ಡ್ರೈವರ್ ಚೆನ್ನಾಗಿ ಬರ್ದಿದೀನಿ ಅಂದ ದಿನಾನೇ ಅಲ್ವಾ ಸಾರ್ ಇದು ಜಾಸ್ತಿ ಬೀಳೋದು?”

ತಡೀರಿ ಸಾರ್ ಶಬ್ದವಿಲ್ಲದೆ ನಗುತ್ತಿದ್ದರು. ಭುಜಗಳು ಮಾತ್ರ ಕುಲುಕುತ್ತಿದ್ದವು. ಗೋಡೆಯಾಚೆಯವರಿಗೆ ಆ ನಗು ಕಾಣುವಂತಿರಲಿಲ್ಲ, ಕೇಳುವಂತೆಯೂ ಇರಲಿಲ್ಲ. ಆದರೂ ಆಕೆ “ನಗಬೇಡಿ” ಎನ್ನುತ್ತಿದ್ದರು. ಹೀಗೆ ಅಕ್ಕನ ಮಂಡಿನೋವು, ಮಗಳ ಜ್ವರ, ಬಾಡಿಗೆ ಮನೆಯ ಸೋರುವ ನಲ್ಲಿ, ಒಮ್ಮೆ ಆಕೆಯ ಗಂಡ ತೀರಿಹೋದ ಆಸ್ಪತ್ರೆಯ ಕಾರಿಡಾರಿನ ವಾಸನೆ, ಎಲ್ಲವೂ ತುಂಡು ತುಂಡಾಗಿ, ಯಂತ್ರ ಬಿದ್ದು ಏಳುವ ನಡುವಿನ ಅವಕಾಶಗಳಲ್ಲಿ, ವರ್ಷಗಟ್ಟಲೆ ಆ ತೂತಿನ ಮೂಲಕ ಹಾದುಹೋದವು. “ಎದ್ದಿತು ಸಾರ್” ಎಂದು ಆಕೆ ಹೇಳಿದಾಗ ಇವರು “ಎದ್ದಿತಾ?” ಎಂದು ಕೇಳುತ್ತಿದ್ದ ಸ್ವರದಲ್ಲಿ, ಅತಿಥಿ ಹೊರಡಲು ಎದ್ದಾಗ ಮನೆಯವರ ಸ್ವರದಲ್ಲಿರುವ ಏನೋ ಒಂದು ಇರುತ್ತಿತ್ತು. ಮೇಡಂ ಕೋಣೆಯ ಯಂತ್ರ ಹಳತಾಯಿತು, ಚುರುಕಾದದ್ದೊಂದನ್ನು ಕೊಡಿಸುತ್ತೇನೆಂದು ಯಜಮಾನರು ಎರಡು ಮೂರು ಬಾರಿ ಹೇಳಿದರೂ, ಇವರು ಅಂಗೈಯೆತ್ತಿ, “ತಡೀರಿ ಸಾರ್, ಇರೋದೇ ಸಾಕು” ಎಂದು ಬೇಡವೆಂದರು. ಅದನ್ನು ನಾನು ಮಿತವ್ಯಯವೆಂದು ಭಾವಿಸಿದ್ದೆ.

ಅವರ ಕೋಟಿನ ವಿಷಯ ಹೇಳದಿದ್ದರೆ ಚಿತ್ರ ಪೂರ್ಣವಾಗದು. ಸಂಸ್ಥೆ ಆರಂಭವಾದಾಗ ಪ್ರಯೋಗಾಲಯದವರೆಲ್ಲರಿಗೂ ಮಂಡಿಯವರೆಗೆ ಬರುವ ನೀಲಿ ಕೋಟುಗಳನ್ನು ಕೊಟ್ಟಿದ್ದರಂತೆ. ಉಳಿದವರ ಕೋಟುಗಳು ಕ್ರಮೇಣ ಕಿಟಕಿ ಒರೆಸಲು ಹೋದವು. ಇವರದು ಮಾತ್ರ ಮೈಮೇಲೆಯೇ ಮಾಸಿ, ಆಕಾಶ ಬೆಳ್ಳಗಾಗುವ ಹೊತ್ತಿನ ಬಣ್ಣಕ್ಕೆ ಬಂದಿತ್ತು. ಜೇಬುಗಳಲ್ಲಿ ಗಿಡ್ಡ ಕೇಬಲ್ಲುಗಳು, ಒಂದು ಸಣ್ಣ ಸ್ಕ್ರೂಡ್ರೈವರ್, ಯಾವ ಕಾಲದ್ದೋ ಪೆಪ್ಪರಮಿಂಟು. ಒಮ್ಮೆ ಮೇಡಂ ಕೋಣೆಗೆ ಹೋಗಿ ಬೋರ್ಡಿನ ಮೇಲೆ ಬಾಗಿ ನೋಡುತ್ತಿದ್ದಾಗ ಬಿಸಿ ಸಾಲ್ಡರಿಂಗ್ ಐರನ್ ತಗುಲಿ ಬಲತೋಳಿನಲ್ಲಿ ತೂತಾಯಿತು. “ಬಿಚ್ಚಿ ಕೊಡಿ ಇತ್ಲಾಗೆ” ಎಂದು ಆಕೆ ಗದರಿಸಿ ಕೋಟನ್ನು ಇಸಿದುಕೊಂಡು, ಮಾರನೆಯ ದಿನ ಅದಕ್ಕೆ ಹಸಿರು ಬಟ್ಟೆಯ ತೇಪೆಯೊಂದನ್ನು ಹಾಕಿ ತಂದರು, ಬೋರ್ಡಿನದೇ ಹಸಿರು. ಆ ಭಾನುವಾರ ಒಗೆಯಲು ತೆಗೆದುಕೊಂಡ ಅಕ್ಕ ತೋಳನ್ನು ತಿರುಗಿಸಿ ಮುರುಗಿಸಿ ನೋಡಿ, “ಯಾರೋ ಹೊಲ್ದಿದ್ದು ಇದನ್ನ? ಹೊಲಿಗೆ ಇಷ್ಟು ಒತ್ತಾಗಿದೆ?” ಎಂದು ಕೇಳಿದರಂತೆ. “ತಡಿಯಕ್ಕ” ಎಂದಷ್ಟೇ ಹೇಳಿ ಇವರು ಪೇಪರು ಹಿಡಿದುಕೊಂಡರಂತೆ. “ಪೇಪರು ತಲೆಕೆಳಗಾಗಿತ್ತು ಕಣಪ್ಪಾ” ಎಂದು ಅಕ್ಕ ನನಗೆ ಪಿಸುಗುಟ್ಟಿದ್ದರು.

ಈ ಕಸುಬಿನವರು ಮಾತ್ರ ಮಾಡಬಹುದಾದ ತಪ್ಪೊಂದನ್ನು ಅವರು ಮಾಡಿದ ಪ್ರಸಂಗವೂ ಇದೆ. ಯಂತ್ರ ಬೀಳುವುದಕ್ಕೆ ಮುಂಚೆಯೇ, ಸಂಶಯವಿರುವ ಜಾಗದಲ್ಲಿ ಅದನ್ನು ತಡೆದು ನಿಲ್ಲಿಸಿ ಒಳಗನ್ನು ನೋಡುವ ಉಪಾಯವೊಂದಿದೆ, ಬ್ರೇಕ್‌ಪಾಯಿಂಟ್ ಎನ್ನುತ್ತಾರೆ. ಹಾಗೆ ನಿಂತ ಯಂತ್ರ ಮರವಾಗಿರುತ್ತದೆ: ಗಡಿಯಾರವೂ ಚಲಿಸದು, ಕೀಲಿ ಒತ್ತಿದರೂ ಓಗೊಡದು, ಈಚೆಯ ಯಂತ್ರದವರು ಓಡಲಿ ಎನ್ನುವ ತನಕ ಅದಕ್ಕೆ ಕಾಲವೇ ಇಲ್ಲ. ಒಂದು ಬೆಳಿಗ್ಗೆ ಹಾಗೆ ನಿಲ್ಲಿಸಿ, ತೂತಿನೊಳಗೆ “ತಡೀರಿ” ಎಂದು ಹೇಳಿ, ಅಷ್ಟರಲ್ಲಿ ಹಲ್ಲುನೋವು ತಡೆಯಲಾರದೆ ಎದ್ದು ದಂತವೈದ್ಯರಲ್ಲಿಗೆ ಹೋದವರು, ಹಲ್ಲು ಕೀಳಿಸಿಕೊಂಡು, ಮನೆಗೆ ಹೋಗಿ, ಮಲಗಿಬಿಟ್ಟರು. ಸಂಜೆ ಎಚ್ಚರವಾಗಿ ಎದ್ದುಬಿದ್ದು ಕಚೇರಿಗೆ ಓಡಿಬಂದರೆ, ಎಲ್ಲರೂ ಹೊರಡುತ್ತಿದ್ದ ಹೊತ್ತಿನಲ್ಲಿ ಮೇಡಂ ಒಬ್ಬರೇ ಆ ನಿಂತ ಯಂತ್ರದ ಮುಂದೆ, ಕೈಕಟ್ಟಿ ಕುಳಿತಿದ್ದರು. ನಾನು ನನ್ನ ಚೀಲ ಹೆಗಲಿಗೇರಿಸುತ್ತಿದ್ದೆ.

“ಅಯ್ಯೋ, ಒಂದು ಫೋನಾದ್ರೂ ಮಾಡ್ಬಾರ್ದಾ? ಇಲ್ಲಾ ಸ್ವಿಚ್ಚು ಆರಿಸ್ಬಾರ್ದಾ?” ಎಂದು ಊದಿದ ಕೆನ್ನೆಯಿಂದಲೇ ಇವರು ಕೇಳಿದರು.

“ನೀವು ತಡೀರಿ ಅಂದ್ರಿ. ತಡೆದೆ” ಎಂದು ಆಕೆ ಎದ್ದು ಚಪ್ಪಲಿ ಮೆಟ್ಟಿಕೊಂಡರು. “ಆರಿಸಿದ್ರೆ ನೀವು ನೋಡ್ತಿದ್ದಿದ್ದು ಹೋಗ್ತಿತ್ತಲ್ಲ.”

ದೊಡ್ಡ ಹೊಣೆಯೊಂದನ್ನು ಹೊತ್ತವರ ಹಾಗೆ ಇವರು ಅನಂತರ ಬಹಳ ದಿನ ಆ ಪದವನ್ನು ಎಚ್ಚರದಿಂದ ಬಳಸಿದರು. ಅದನ್ನು ನಂಬಿ ಯಾರೋ ನಿಜವಾಗಿ ನಿಲ್ಲುತ್ತಾರೆಂಬ ಅರಿವು ಅವರಿಗೆ ಆದದ್ದು ಅಂದೇ ಇರಬೇಕು.

ಹೀಗಿರುವಾಗ ಹೊಸ ಆಪರೇಟಿಂಗ್ ಸಿಸ್ಟಂ ಬಂತು. ಬಳಸುವವರಿಗೆ ಅದರಲ್ಲಿ ಬಣ್ಣ ಬದಲಾದದ್ದು ಬಿಟ್ಟರೆ ಹೆಚ್ಚೇನೂ ಕಾಣುತ್ತಿರಲಿಲ್ಲ; ಆದರೆ ತಂತ್ರಾಂಶ ಬರೆಯುವವರಿಗೂ ಯಂತ್ರಾಂಶ ಕಟ್ಟುವವರಿಗೂ ಅದು ಹೊಸ ಯುಗವೇ ಆಗಿತ್ತು. ಅದರಲ್ಲಿ ಡ್ರೈವರ್ ಒಳಕೋಣೆಯಲ್ಲಿ ಕೂರಬೇಕಾಗಿರಲಿಲ್ಲ. ಹೊರಗಿನ ಜಗಲಿಯಲ್ಲೇ ಕುಳಿತು ಕೆಲಸ ಮಾಡಬಹುದಿತ್ತು. ಅದು ಬಿದ್ದರೆ ತಾನೊಂದೇ ಬೀಳುವುದು, ಕಣ್ಣು ಮಿಟುಕಿಸುವಷ್ಟರಲ್ಲಿ ವ್ಯವಸ್ಥೆಯೇ ಅದನ್ನು ಎತ್ತಿ ನಿಲ್ಲಿಸುವುದು. ಕಂಪ್ಯೂಟರಿಗೆ ಕೂದಲೂ ಕೊಂಕದು. ಎರಡನೆಯ ಸೌಲಭ್ಯ, ನಡೆದದ್ದೆಲ್ಲವೂ ತಾನಾಗಿಯೇ ದಾಖಲಾಗುವುದು. ಯಾವುದನ್ನೂ ಆ ಗಳಿಗೆಯಲ್ಲಿ ತಡೆದು ನಿಲ್ಲಿಸಬೇಕಿಲ್ಲ, ಆಮೇಲೆ ಬಿಡುವಾಗಿ ಕುಳಿತು ಹಿಂದು ಹಿಂದಕ್ಕೆ ಹೆಜ್ಜೆಯಿಟ್ಟು ಹೋಗಿ ನೋಡಬಹುದು. ಮೂರನೆಯದು, ಎದುರಿಗೆ ಉಪಕರಣವೇ ಇಲ್ಲದೆ, ಇದೆಯೆಂಬಂತೆ ಯಂತ್ರವನ್ನು ನಂಬಿಸಿ ಪರೀಕ್ಷೆ ನಡೆಸುವ ಅನುಕೂಲ.

ಯಜಮಾನರು ಊರಿನ ಇನ್ನೊಂದು ತುದಿಯಲ್ಲಿ ಬೋರ್ಡುಗಳ ಕೆಲಸಕ್ಕೆಂದೇ ಹೊಸ ಕಟ್ಟಡವೊಂದನ್ನು ಹಿಡಿದಿದ್ದರು. ಮೇಡಂ ಅಲ್ಲಿಗೆ ಮುಖ್ಯಸ್ಥೆಯಾಗಿ ಹೋಗಬೇಕೆಂಬುದು ಅವರ ಇಚ್ಛೆ. ಸಂಬಳವೂ ಗೌರವವೂ ಹೆಚ್ಚು, ಮಗಳ ಕಾಲೇಜೂ ಆ ಕಡೆಗೇ. ತಡೆಯಾಗಿದ್ದದ್ದು ಗೋಡೆಯ ತೂತಿನ ಕೇಬಲ್ ಒಂದೇ. ಹಳೆಯ ವ್ಯವಸ್ಥೆಯಲ್ಲೇ ಮುಂದುವರಿದರೆ ಎರಡು ಯಂತ್ರ, ಎರಡು ಕೋಣೆ, ಇಬ್ಬರು ಮನುಷ್ಯರು ಪಕ್ಕಪಕ್ಕದಲ್ಲೇ ಇರಬೇಕು. ಹೊಸದಕ್ಕೆ ಹೋದರೆ ಬೇಕಿಲ್ಲ. ಹೊಸದು ನಮ್ಮ ಉಪಕರಣಕ್ಕೆ ಒಗ್ಗುತ್ತದೆಯೇ ಇಲ್ಲವೇ ಎಂದು ಪರೀಕ್ಷಿಸಿ ಹೇಳುವ ಹೊಣೆಯನ್ನು ಯಜಮಾನರು ತಡೀರಿ ಸಾರ್ ಅವರಿಗೇ ವಹಿಸಿದರು. “ನೀವು ಹ್ಞೂಂ ಅಂದ್ರೆ ಹ್ಞೂಂ, ಉಹ್ಞೂಂ ಅಂದ್ರೆ ಉಹ್ಞೂಂ. ನಿಮ್ಮ ಮಾತಿನ ಮೇಲೆ ನನಗೆ ಅನುಮಾನ ಇಲ್ಲ” ಎಂದರು. ಅಷ್ಟು ಕ್ರೂರವಾದ ವಿಶ್ವಾಸವನ್ನು ಒಬ್ಬರು ಇನ್ನೊಬ್ಬರ ಮೇಲೆ ಇಡಬಾರದು.

ಪರೀಕ್ಷೆಯ ಆ ತಿಂಗಳುಗಳಲ್ಲಿ ಅವರನ್ನು ನಾನು ಪಕ್ಕದಲ್ಲೇ ಕುಳಿತು ಕಂಡಿದ್ದೇನೆ. ಅವರು ಹೊಸ ವ್ಯವಸ್ಥೆಯಲ್ಲಿ ದೋಷವನ್ನು ಹುಡುಕಿದ ರೀತಿ, ಕಳೆದುಹೋದ ಉಂಗುರವನ್ನು ಹಾಸಿಗೆ ಕೊಡವಿ ಹುಡುಕುವವರ ರೀತಿ. ಯಂತ್ರವನ್ನು ನಿದ್ರೆಗೆ ಕಳಿಸಿ ಎಬ್ಬಿಸಿದರು, ಉಪಕರಣವನ್ನು ಕಿತ್ತು ಸಿಕ್ಕಿಸಿದರು, ಡ್ರೈವರನ್ನು ಬೇಕೆಂದೇ ಮುಗ್ಗರಿಸುವಂತೆ ಮಾಡಿದರು. ಅದು ಪ್ರತಿ ಬಾರಿಯೂ ಎದ್ದು ನಿಂತು, ಇನ್ನೇನಪ್ಪಣೆ ಎಂಬಂತೆ ಕಾಯುತ್ತಿತ್ತು. ಅಭ್ಯಾಸಬಲದಿಂದ ಅವರು ತೂತಿನ ಕಡೆಗೆ ಮುಖ ಮಾಡುತ್ತಿದ್ದರು. ಆಚೆಯಿಂದ ಯಾರೂ ಬಿತ್ತು ಎನ್ನುತ್ತಿರಲಿಲ್ಲ, ಏಕೆಂದರೆ ಬಿದ್ದದ್ದು ಆಚೆಯವರಿಗೆ ತಿಳಿಯುತ್ತಲೇ ಇರಲಿಲ್ಲ.

“ಏನ್ಸಾರ್, ಆ ಕಡೆ ಸದ್ದೇ ಇಲ್ಲ?” ಎಂದು ಒಮ್ಮೆ ಆಕೆಯೇ ಕೇಳಿದರು.

“ಏನೂ ಬೀಳ್ತಾ ಇಲ್ಲ ಮೇಡಂ.”

“ಒಳ್ಳೇದೇ ಅಲ್ವಾ?”

“ಒಳ್ಳೇದೇ” ಎಂದು ಇವರು ಒಪ್ಪಿಕೊಂಡರು.

ಕೊನೆಗೆ ಒಂದು ದಿನ ದೋಷ ಸಿಕ್ಕಿತು. ಅವರ ಮುಖದಲ್ಲಿ ಆ ದಿನ ಕಂಡ ಕಾಂತಿಯನ್ನು ನಾನು ಮತ್ತೆಂದೂ ಕಂಡಿಲ್ಲ. “ತಡೀರಿ, ತಡೀರಿ” ಎಂದು ಯಾರಿಗೆಂದಿಲ್ಲದೆ ಹೇಳುತ್ತ ಎದ್ದು ನಿಂತರು. ಮುಗ್ಗರಿಸಿದ ಡ್ರೈವರನ್ನು ವ್ಯವಸ್ಥೆ ಎತ್ತಿ ನಿಲ್ಲಿಸುವ ಆ ಕಣ್ಣೆವೆಯ ಕಾಲದಲ್ಲಿ, ಕಿವಿಯಿಂದ ಬಂದ ಮೊದಲ ಮಾರ್ದನಿಯೊಂದು ಕೆಲವು ಸಲ ಸುಮ್ಮನೆ ಕಳೆದುಹೋಗುತ್ತಿತ್ತು. ಅದು ಕಳೆದುಹೋದರೆ, ಸರಿಯಾಗಿ ಕೇಳಿಸುವ ಕೂಸಿನ ಕಿವಿಯನ್ನೂ ಉಪಕರಣ ಕಿವುಡೆಂದು ತೋರಿಸಬಹುದು. ಇಷ್ಟು ಸಾಕಿತ್ತು. ಇದು ನಮಗೆ ಒಗ್ಗದು ಎಂದು ಯಜಮಾನರಿಗೆ ಒಂದು ಮಾತು ಹೇಳಿದ್ದರೆ, ಅದು ಸುಳ್ಳೂ ಆಗುತ್ತಿರಲಿಲ್ಲ. ಹಳೆಯ ವ್ಯವಸ್ಥೆ, ಹಳೆಯ ಗೋಡೆ, ಹಳೆಯ ಕೇಬಲ್ ಎಲ್ಲವೂ ಇನ್ನಷ್ಟು ವರ್ಷ ನಿಶ್ಚಿಂತೆಯಿಂದ ಉಳಿಯುತ್ತಿದ್ದವು.

ಆದರೆ ಅವರಿಗೆ ದೋಷವೆಂದರೆ ಸಿಕ್ಕಿದ ಕೂಡಲೇ ಅದನ್ನು ಮಾಡಿದವರಿಗೆ ತಿಳಿಸಬೇಕಾದ ಸುದ್ದಿ. ಅದರ ಮೂಲ ಹುಡುಕಲು ತಡೀರಿ ಸಾರ್ ಮೇಡಂ ಅವರನ್ನು ಕರೆದರು. ಇಬ್ಬರೂ ವಾರಗಟ್ಟಲೆ ಕುಳಿತು, ಆಕೆ ವಿದ್ಯುತ್ ಅಲೆಗಳನ್ನು ತೋರಿಸುವ ಆಸಿಲೋಸ್ಕೋಪಿನ ಪರದೆಯಲ್ಲಿ ಆ ಮಾರ್ದನಿ ಬೋರ್ಡಿನಿಂದ ಹೊರಟದ್ದನ್ನು ಹಿಡಿದು ತೋರಿಸಿ, ಇವರು ಅದು ಕಂಪ್ಯೂಟರಿನಲ್ಲಿ ಎಲ್ಲಿ ಜಾರಿತೆಂದು ಹಿಂದೆ ಹಿಂದೆ ಹೋಗಿ ಕಂಡುಹಿಡಿದು, ತೂತಿನ ಎರಡೂ ಕಡೆಯಿಂದ ಆ ದೋಷವನ್ನು ಅಪ್ಪಚ್ಚಿಯಾಗುವಂತೆ ಹಿಂಡಿದರು. ಅವರಿಬ್ಬರೂ ಅಷ್ಟು ಮಾತಾಡಿದ್ದು, ಅಷ್ಟು ಜಗಳವಾಡಿದ್ದು, ಅಷ್ಟು ಸಲ ಚಹಾ ತಣ್ಣಗಾಗಲು ಬಿಟ್ಟದ್ದು ಹಿಂದೆಂದೂ ಇಲ್ಲ. ಆ ಕೆಲಸ ಮುಗಿದರೆ ಏನಾಗುತ್ತದೆಂಬುದು ಇಬ್ಬರಿಗೂ ಗೊತ್ತಿತ್ತು. ಯಾರೂ ನಿಧಾನ ಮಾಡಲಿಲ್ಲ.

ದೋಷದ ವಿವರವನ್ನು ಹೊಸ ವ್ಯವಸ್ಥೆ ಮಾಡಿದವರಿಗೆ ಕಳಿಸುವ ಮುನ್ನ ನಾನು ಮೆಲ್ಲನೆ ಕೇಳಿದೆ: “ಸಾರ್, ಇದನ್ನ ಅವರಿಗೆ ತಿಳಿಸ್ಲೇಬೇಕಾ?”

ಅವರು ನನ್ನನ್ನು ನೋಡಿದ ನೋಟದಲ್ಲಿ ಕೋಪವಿರಲಿಲ್ಲ. ನಾನು ಬೇರೆ ಭಾಷೆಯಲ್ಲಿ ಮಾತಾಡಿದೆನೇನೋ ಎಂಬ ಗೊಂದಲವಿತ್ತು. “ಕಂಡ ಮೇಲೆ ಹೇಳ್ದೇ ಇರಕ್ಕಾಗುತ್ತೇನ್ರೀ? ಬೇರೆ ಯಾರ್ಯಾರು ಏನೇನು ಮಾಡ್ತಿದಾರೋ ಇದರ ಮೇಲೆ” ಎಂದರು.

ವ್ಯವಸ್ಥೆಯನ್ನು ನಿರ್ಮಿಸಿದವರಿಂದ ಧನ್ಯವಾದದ ಉತ್ತರ ಬಂತು. ಇಷ್ಟು ಸ್ಪಷ್ಟವಾಗಿ ಯಾರೂ ದೋಷವನ್ನು ವಿವರಿಸಿರಲಿಲ್ಲವೆಂದೂ, ಮುಂದಿನ ಆವೃತ್ತಿಯಲ್ಲಿ ಅದು ಇರುವುದಿಲ್ಲವೆಂದೂ ಅದರಲ್ಲಿತ್ತು. ಮುಂದಿನ ಆವೃತ್ತಿ ಬಂತು; ಅದರಲ್ಲಿ ಅದು ಇರಲಿಲ್ಲ. ತಡೀರಿ ಸಾರ್ ಎರಡು ದಿನ ಹುಡುಕಿ, ಇಲ್ಲವೆಂದು ದೃಢಪಡಿಸಿಕೊಂಡು, ಕೋಟಿನ ಜೇಬಿನಿಂದ ಆ ಪುರಾತನ ಪೆಪ್ಪರಮಿಂಟನ್ನು ತೆಗೆದು ಬಾಯಿಗೆ ಹಾಕಿಕೊಂಡರು.

ಯಜಮಾನರ ಮುಂದೆ ಪ್ರದರ್ಶನ ಏರ್ಪಾಡಾಯಿತು. ಉದ್ದನೆಯ ಮೇಜಿನ ಸುತ್ತ ಎಲ್ಲರೂ ಕುಳಿತೆವು. ಮೇಡಂ ಬಾಗಿಲ ಬಳಿಯ ಕುರ್ಚಿಯಲ್ಲಿ. ಇವರು ಡ್ರೈವರನ್ನು ಬೀಳಿಸಿದರು, ಅದು ಎದ್ದಿತು. ಮತ್ತೆ ಬೀಳಿಸಿದರು, ಮತ್ತೆ ಎದ್ದಿತು. ಮಾರ್ದನಿಗಳೆಲ್ಲವೂ ಒಂದೂ ತಪ್ಪದೆ ಪರದೆಯ ಮೇಲೆ ಸಾಲಾಗಿ ನಿಂತವು. ನಡೆದದ್ದನ್ನು ಹಿಂದಕ್ಕೆ ತಿರುಗಿಸಿ ತೋರಿಸಿದರು. ಯಜಮಾನರು ಮಗುವಿನಂತೆ ಹಿಗ್ಗಿ, “ಹಾಗಾದ್ರೆ ಆ ಎರಡನೇ ಯಂತ್ರ, ಆ ಕೇಬಲ್ಲು, ಯಾವುದೂ ಬೇಡ?” ಎಂದು ಕೇಳಿ, ತಾವೇ ನಕ್ಕು, “ಈಗ ನೀವು ತಡೀರಿ ಅಂತೀರಿ, ಗೊತ್ತು ನನಗೆ” ಎಂದರು.

ಕೋಣೆಯಲ್ಲಿದ್ದವರೆಲ್ಲ ನಕ್ಕರು. ನಗದೆ ಉಳಿದವರು ಇಬ್ಬರು. ತಡೀರಿ ಸಾರ್ ಅವರ ಬಲಗೈ ಮೇಜಿನ ಮೇಲಿತ್ತು; ಬೆರಳುಗಳು ಒಂದಕ್ಕೊಂದು ಅಂಟಿಕೊಂಡದ್ದನ್ನು ನಾನು ಕಂಡೆ. ಆದರೆ ಕೈ ಮೇಲೇಳಲಿಲ್ಲ.

“ಬೇಡ ಸಾರ್. ಯಾವ ತೊಂದರೆಯೂ ಇಲ್ಲ” ಎಂದರು.

ಮೇಡಂ ಹೊರಡುವ ದಿನ ಸಾಮಾನು ಸಾಗಿಸುವವರು ಬಂದು ಆಚೆಯ ಕೋಣೆಯನ್ನು ಖಾಲಿ ಮಾಡುತ್ತಿದ್ದ ಸದ್ದು ಬೆಳಗಿನಿಂದಲೇ ಕೇಳುತ್ತಿತ್ತು. ತಡೀರಿ ಸಾರ್ ತಮ್ಮ ಮೇಜಿನ ಮುಂದೆ ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದರು. ಪರದೆಯ ಮೇಲೆ ಏನೂ ಇರಲಿಲ್ಲ. ಕೊನೆಗೆ ಉಳಿದದ್ದು ಕೇಬಲ್. ತೂತಿನಿಂದ ಆ ಪರಿಚಿತ ದನಿ ಬಂತು, ಖಾಲಿ ಕೋಣೆಯಾದ್ದರಿಂದ ತುಸು ಗುಂಯ್‌ಗುಟ್ಟುತ್ತ:

“ಸಾರ್, ಎಳೀಲಾ?”

ಇವರು ತಮ್ಮ ಕಡೆಯ ತುದಿಯನ್ನು ಯಂತ್ರದಿಂದ ಬಿಡಿಸಿ ಕೈಯಲ್ಲಿ ಹಿಡಿದುಕೊಂಡಿದ್ದರು. ಬಿಡಲಿಲ್ಲ. ಆಚೆಯಲ್ಲಿ ಆಕೆಯೂ ಎಳೆಯಲಿಲ್ಲ. ಬಿಗಿಯಾಗಿಯೂ ಅಲ್ಲದ, ಸಡಿಲವಾಗಿಯೂ ಇಲ್ಲದ ಆ ಕೇಬಲ್ಲನ್ನು ಗೋಡೆಯ ಎರಡೂ ಕಡೆ ಇಬ್ಬರೂ ಹಿಡಿದು ನಿಂತಿದ್ದ ಆ ಹೊತ್ತು, ಯಾರೋ ಎಲ್ಲೋ ಒಂದು ಬ್ರೇಕ್‌ಪಾಯಿಂಟ್ ಇಟ್ಟ ಹಾಗೆ, ನನ್ನ ನೆನಪಿನಲ್ಲಿ ಈಗಲೂ ನಿಂತೇ ಇದೆ.

“ಎಳೀರಿ ಮೇಡಂ” ಎಂದರು.

ಕೇಬಲ್ ಮೇಜಿನ ಮೇಲಿಂದ ಸರಿದು, ಗೋಡೆಯಂಚಿಗೆ ಒಮ್ಮೆ ತಡವರಿಸಿ, ಒಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ಆಕೆ ನಮ್ಮ ಬಾಗಿಲಲ್ಲಿ ಕಾಣಿಸಿಕೊಂಡರು. ಒಂದು ಕೈಯಲ್ಲಿ ಸುತ್ತಿದ ಕೇಬಲ್, ಇನ್ನೊಂದರಲ್ಲಿ ಕುಂಡದಲ್ಲಿ ಬೆಳೆಸಿದ ಒಂದು ಗಿಡ. “ಬರ್ತೀನಿ” ಎಂದರು. ಇವರು ಎದ್ದು ನಿಂತು, “ಹ್ಞೂಂ, ಹುಷಾರು” ಎಂದರು. ಆಕೆ ಇನ್ನೂ ಕೊಂಚ ನಿಂತಿದ್ದರು. ಆಮೇಲೆ ಮೆಟ್ಟಿಲಿಳಿದು ಹೋದರು.

ಅನಂತರ ತಡೀರಿ ಸಾರ್ ಅವರಲ್ಲಾದ ಬದಲಾವಣೆಯನ್ನು ಮೊದಲು ಗುರುತಿಸಿದವರು ಅಕ್ಕ. ಮನೆಗೆ ಹೋಗಿದ್ದಾಗ, ತಮ್ಮ ಕೈತೊಳೆಯಲು ಎದ್ದ ಸಮಯ ನೋಡಿ, ಆ ವಾಚಾಳಿ ಹೆಂಗಸು ಹಂಗಿಸುವ ಸ್ವರವನ್ನೇ ಮರೆತು ನನ್ನ ಕೈ ಹಿಡಿದರು: “ಇವನು ತಡಿ ಅನ್ನೋದೇ ಬಿಟ್ಟಿದಾನಪ್ಪಾ. ಊಟಕ್ಕೆ ಬಾ ಅಂದ್ರೆ ತಕ್ಷಣ ಬಂದು ಕೂರ್ತಾನೆ. ಪೇಟೆಗೆ ಹೋಗೋಣ ಅಂದ್ರೆ ಚಪ್ಪಲಿ ಮೆಟ್ಟಿ ನಿಂತಿರ್ತಾನೆ. ಇಷ್ಟು ವರ್ಷ ಬೈದೆ, ಈಗ ಭಯ ಆಗ್ತಿದೆ ನನಗೆ. ಏನಾಯ್ತು ಆಫೀಸಿನಲ್ಲಿ?”

ಏನೂ ಆಗಿಲ್ಲವೆಂದೆ. ಸುಳ್ಳಲ್ಲ; ನಮ್ಮಲ್ಲಿ ಈಗ ಏನೂ ಆಗುತ್ತಿರಲಿಲ್ಲ. ಡ್ರೈವರ್ ಬಿದ್ದು ತಾನೇ ಏಳುತ್ತಿತ್ತು. ಕಾಯುವ ಹೊತ್ತೆಂಬುದು ದಿನದಿಂದಲೇ ಅಳಿಸಿಹೋಗಿ, ಅವರ ಕೆಲಸ ಮುಂಚಿನ ಅರ್ಧ ಕಾಲದಲ್ಲಿ ಮುಗಿಯುತ್ತಿತ್ತು. ಉಳಿದ ಅರ್ಧದಲ್ಲಿ ಅವರು ಮುಗಿದ ಪರೀಕ್ಷೆಗಳ ದಾಖಲೆಗಳನ್ನು ತೆರೆದು, ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋಗುತ್ತ ಕೂರುತ್ತಿದ್ದರು. “ಏನ್ ಹುಡುಕ್ತಿದೀರಿ ಸಾರ್?” ಎಂದು ಕೇಳಿದರೆ, “ಏನೂ ಇಲ್ಲ. ಎಷ್ಟು ದೂರ ಹಿಂದೆ ಹೋಗ್ಬಹುದು ಅಂತ ನೋಡ್ತಿದೀನಿ. ತುಂಬ ದೂರ ಹೋಗ್ಬಹುದು ಕಣ್ರೀ. ನೋಡ್ಬಹುದು, ಅಷ್ಟೇ. ಮುಟ್ಟೋದಕ್ಕಾಗಲ್ಲ” ಎಂದರು.

ಒಮ್ಮೆ ಧೈರ್ಯ ಮಾಡಿ, ಆ ದಿನ ಯಜಮಾನರ ಮುಂದೆ ಏಕೆ ತಡೆಯಲಿಲ್ಲವೆಂದು ಕೇಳಿಯೇಬಿಟ್ಟೆ. ಅವರು ತೋಳಿನ ಹಸಿರು ತೇಪೆಯನ್ನು ಹೆಬ್ಬೆರಳಿನಿಂದ ಸವರಿದರು. “ನಿಲ್ಲಿಸ್ಬೇಕಾದ್ರೆ ಕಾರಣ ಬೇಕಲ್ರೀ. ಒಂದ್ಸಲ ಅವರನ್ನ ಸುಮ್ನೆ ಇಡೀ ದಿನ ಕೂರಿಸಿದ್ದೆ, ನೆನಪಿದೆಯಾ? ಏನ್ ನೋಡ್ಬೇಕು ಅಂತ ಹೇಳಕ್ಕಾಗ್ದೇ ಇರೋನು ಇನ್ನೊಬ್ಬರನ್ನ ನಿಲ್ಲಿಸ್ಬಾರ್ದು” ಎಂದರು.

ಕೆಲವು ತಿಂಗಳ ಮೇಲೆ ಕೈಪಿಡಿಯ ಚಿತ್ರಗಳಿಗಾಗಿ ನಾನು ಹೊಸ ಕಟ್ಟಡಕ್ಕೆ ಹೋಗಬೇಕಾಯಿತು. ಮೇಡಂ ಕೋಣೆ ದೊಡ್ಡದು, ಬೆಳಕಿನದು, ಗೋಡೆಗಳು ಅಖಂಡ. ಗಿಡ ಚೆನ್ನಾಗಿ ಬೆಳೆದಿತ್ತು. ಕೆಲಸವೆಲ್ಲ ಮುಗಿದು ನಾನು ಎದ್ದಾಗ ಆಕೆ ಬೋರ್ಡೊಂದನ್ನು ಬೆಳಕಿಗೆ ಹಿಡಿದು ನೋಡುತ್ತ, ನನ್ನ ಕಡೆ ತಿರುಗದೆ ಕೇಳಿದರು:

“ಕೋಟು ಇನ್ನೂ ಹಾಕ್ತಾರಾ?”

“ಹಾಕ್ತಾರೆ.”

“ತೇಪೆ ಗಟ್ಟಿಯಾಗಿದೆಯಾ?”

“ಇದೆ ಮೇಡಂ.”

“ಹ್ಞೂಂ” ಎಂದು ಬೋರ್ಡನ್ನು ಕೆಳಗಿಟ್ಟರು. “ಆವತ್ತು ಬಾಗಿಲ ಹತ್ರ ನಾನು ಸ್ವಲ್ಪ ನಿಂತಿದ್ದೆ. ಒಂದು ಮಾತು ಅಂದಿದ್ರೆ ಆಗ್ತಿತ್ತು. ಅವರಿಗೋಸ್ಕರ ತಡೆಯೋದು ನನಗೇನು ಹೊಸದಾ?” ಎಂದು, ಏನೋ ಲಘುವಾದದ್ದನ್ನು ಹೇಳಿದವರಂತೆ ನಕ್ಕರು.

ಹಿಂದಿರುಗಿ ಬಂದು ಆ ಮಾತನ್ನು ಇದ್ದದ್ದು ಇದ್ದ ಹಾಗೆ ಅವರಿಗೆ ಹೇಳಿದೆ. ಕೇಳುತ್ತಿದ್ದಂತೆಯೇ, ಎಷ್ಟೋ ಕಾಲದ ನಂತರ, ಅವರ ಬಲಗೈ ಮೇಜಿನಿಂದ ಮೇಲೆದ್ದಿತು; ಬೆರಳುಗಳು ಕೂಡಿಕೊಂಡವು; ಅಂಗೈ ನನ್ನ ಮುಖದ ಮುಂದೆ ನಿಂತಿತು.

“ತಡೀರಿ” ಎಂದರು. “ಇನ್ನೊಂದ್ಸಲ ಹೇಳಿ.”

ಇನ್ನೊಂದು ಸಲ ಹೇಳಿದೆ. ಅವರು ಕೈಯನ್ನು ಇಳಿಸದೆ ಗೋಡೆಯ ತೂತಿನ ಕಡೆ ನೋಡುತ್ತಿದ್ದರು. ಅದರಾಚೆಯಿಂದ ಈಗ ಖಾಲಿ ಕೋಣೆಯ ಬೆಳಕು ಮಾತ್ರ ಮುಷ್ಟಿಯಗಲ ಬಂದು ಅವರ ಮೇಜಿನ ಮೇಲೆ ಬೀಳುತ್ತಿತ್ತು.

ಇಂಥವರು ಎಲ್ಲ ಕಸುಬುಗಳಲ್ಲೂ ಇದ್ದಾರೆ. ಲೋಕದ ಯಂತ್ರಗಳು ಮುಗ್ಗರಿಸದೆ ಓಡುವುದು ಬಹುಮಟ್ಟಿಗೆ ಅವರು ನಡುನಡುವೆ ಅಡ್ಡಗಟ್ಟಿ ನಿಲ್ಲಿಸುವುದರಿಂದಲೇ. ತಪ್ಪು ಕಂಡಲ್ಲಿ ಅವರು ರಾಜನನ್ನೂ ತಡೆದಾರು, ರಥವನ್ನೂ ತಡೆದಾರು. ತಮಗೆ ಒಲಿದು ಬಂದ ತಪ್ಪನ್ನು ಕೂಡ ತಾವೇ ಹಿಡಿದು ಒಪ್ಪಿಸಿಯಾರು. ಆದರೆ ತಪ್ಪೇ ಇಲ್ಲದ ಒಂದು ಹೊರಡುವಿಕೆಯನ್ನು, ತನಗೆ ಬೇಕು ಎಂಬ ಒಂದೇ ಕಾರಣಕ್ಕಾಗಿ ತಡೆಯಬೇಕಾಗಿ ಬಂದಾಗ, ಜೀವಮಾನವಿಡೀ ನಾಲಗೆಯ ತುದಿಯಲ್ಲಿದ್ದ ಆ ಪದ ಅವರ ಬಾಯಿಗೆ ಬರುವುದಿಲ್ಲ. ಬೇಕು ಎಂಬುದನ್ನು ಅವರು ಎಂದೂ ಒಂದು ಕಾರಣವೆಂದು ಎಣಿಸಿದವರಲ್ಲ.